ಕೇಳುಗರ ಕಿವಿಗೆ ತಲುಪುತ್ತಿರುವುದು ಎಷ್ಟು ಸಂಗೀತ?

ಮದುವೆಯ ಮುನ್ನಾದಿನ ರೋಸ್ ಚಪ್ಪರದಲ್ಲಿ ಹೊಸ ಹಾಡುಗಳನ್ನು ಹಾಕಿದಾಗ ಅರ್ಧ ಗಂಟೆಯಲ್ಲೇ ಕಿವಿ ದಣಿಯುವುದುಂಟು. ಹಿರಿಯರು ಅದಕ್ಕೆ ಸೌಂಡ್ಸ್‌ನವನನ್ನು ಬೈಯುತ್ತಾರೆ. ಆದರೆ ಪ್ರತಿ ಸಲವೂ ತಪ್ಪು ಅವನದ್ದಲ್ಲ. ಎಷ್ಟೋ ಹಾಡುಗಳು ಸ್ಟುಡಿಯೋದಿಂದ ಹೊರಬರುವಾಗಲೇ ಹಾಗಿರುತ್ತವೆ.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಕ್ಯಾಸೆಟ್ಟಿನ 'ಸುಯ್' ಎನ್ನುವ ಸದ್ದು ಮಾಯವಾಯಿತು. ಪಿಸುದನಿಯಿಂದ ಇಡೀ ವಾದ್ಯವೃಂದದ ಅಬ್ಬರದವರೆಗೆ ಎಲ್ಲವನ್ನೂ ಹಿಡಿದಿಡುವ ಶಕ್ತಿ ಅದಕ್ಕಿತ್ತು. ಕಂಪನಿಗಳು ಆ ಶಕ್ತಿಯನ್ನು ಬಳಸಿದ್ದು ಬೇರೆಯೇ ಕೆಲಸಕ್ಕೆ. ಪಕ್ಕದ ಹಾಡಿಗಿಂತ ತಮ್ಮ ಹಾಡು ಜೋರಾಗಿ ಕೇಳಿಸಬೇಕೆಂಬ ಪೈಪೋಟಿ 1990ರ ದಶಕದಿಂದ ಮಿತಿಮೀರಿತು. ಡಿಜಿಟಲ್ ಧ್ವನಿಯನ್ನು ಒಂದು ಮಟ್ಟದಾಚೆ ಏರಿಸಲು ಬರುವುದಿಲ್ಲ. ಹಾಗಾಗಿ ಮೆಲುದನಿಯನ್ನೇ ಎತ್ತಿ ಜೋರುದನಿಯ ಸಮಕ್ಕೆ ತಂದು ನಿಲ್ಲಿಸಿದರು. ಮಿತಿ ದಾಟಿದ ಧ್ವನಿಯ ತುದಿ ಕತ್ತರಿಸಿಹೋಗಿ ಕರಕರ ಸದ್ದು ಹುಟ್ಟತೊಡಗಿತು. ಏರಿಳಿತವಿಲ್ಲದ ಪ್ರವಚನವನ್ನು ಒಂದು ಗಂಟೆ ಕೇಳಿದವರಿಗೆ ಇದರ ಪರಿಣಾಮವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನ್ಯ ಕೇಳುಗರಿಗೂ ಇದು ಸ್ಪಷ್ಟವಾದದ್ದು 2008ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಸಿಡಿ ಬಂದಾಗ ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿಗೂ ಬಂದವು. ಗೇಮಿಗೆ ಕೊಟ್ಟ ಪ್ರತಿಯನ್ನು ಅಷ್ಟು ಅದುಮಿರಲಿಲ್ಲ. ಆಟದಲ್ಲಿ ಡ್ರಮ್ಮು ಸ್ಪಷ್ಟ, ಹಣ ಕೊಟ್ಟು ಕೊಂಡ ಸಿಡಿಯಲ್ಲಿ ಕಲಸುಮೇಲೋಗರ! ಧ್ವನಿಯನ್ನು ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿ ಎಂದು 10,000ಕ್ಕೂ ಹೆಚ್ಚು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಆಗ ಫಲ ಸಿಗಲಿಲ್ಲ.

ಮಾರಾಟದ ಕ್ರಮವೂ ಕೇಳುಗರ ಪರವಾಗಿರಲಿಲ್ಲ. 2005ರಲ್ಲಿ ಸೋನಿ ಬಿಎಂಜಿ ಕಂಪನಿಯ ಕೆಲವು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ತಂತ್ರಾಂಶವೊಂದು ಗುಟ್ಟಾಗಿ ಒಳಗೆ ಸೇರಿಕೊಳ್ಳುತ್ತಿತ್ತು. ಅದರಿಂದ ಕಂಪ್ಯೂಟರಿನ ಭದ್ರತೆಗೇ ಧಕ್ಕೆಯೆಂದು ಬಯಲಾದ ಮೇಲೆ ಸಿಡಿಗಳನ್ನು ಹಿಂಪಡೆದರು. ಕಳ್ಳಪ್ರತಿ ಕೇಳಿದವನಿಗೆ ಈ ಕಾಟ ಇರಲಿಲ್ಲ, ಪ್ರಾಮಾಣಿಕವಾಗಿ ಕೊಂಡವನಿಗೇ ಶಿಕ್ಷೆ. ಇನ್ನು ಆಪಲ್‌ನ ಐಟ್ಯೂನ್ಸ್ 2003ರಲ್ಲಿ 99 ಸೆಂಟಿಗೆ ಒಂದು ಹಾಡು ಮಾರಿತು. 2007ರಲ್ಲಿ ಇಎಂಐ ಕಂಪನಿಯ ಹಾಡುಗಳನ್ನು ಉತ್ತಮ ಗುಣಮಟ್ಟದಲ್ಲಿ, ನಕಲಿನ ಬೀಗವಿಲ್ಲದೆ 1.29 ಡಾಲರಿಗೆ ಕೊಟ್ಟಿತು. ಮೊದಲೇ ಕೊಂಡವರು ವ್ಯತ್ಯಾಸದ 30 ಸೆಂಟ್ ತೆರಬೇಕಿತ್ತು.

ಈಗ ಬಹುತೇಕರು ಹಾಡನ್ನು ಕೊಳ್ಳುವುದಿಲ್ಲ, ಚಂದಾ ಕಟ್ಟಿ ಕೇಳುತ್ತಾರೆ. ಇದರಿಂದ ಒಂದು ಉಪಕಾರವಾಗಿದೆ. ಸ್ಪಾಟಿಫೈ, ಯೂಟ್ಯೂಬ್ ಮುಂತಾದವು ಅತಿ ಜೋರಾದ ಹಾಡನ್ನು ತಾವೇ ತಗ್ಗಿಸುವುದರಿಂದ ಅಬ್ಬರಿಸಿ ಗೆಲ್ಲುವ ತಂತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಆಪಲ್ ಮ್ಯೂಸಿಕ್ 2021ರಲ್ಲಿ ಸಿಡಿ ಗುಣಮಟ್ಟದ ಧ್ವನಿಯನ್ನು ಹೆಚ್ಚುವರಿ ಶುಲ್ಕವಿಲ್ಲದೆ ಕೊಟ್ಟಿತು. ಅದೇ ವರ್ಷ ಮಾತು ಕೊಟ್ಟಿದ್ದ ಸ್ಪಾಟಿಫೈ ಅದನ್ನು ನಡೆಸಲು ಆರಂಭಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಆದರೆ ಹಾಡು ನಮ್ಮದಾಗಿ ಉಳಿಯುವುದಿಲ್ಲ. ನಮ್ಮ ದೇಶದಲ್ಲೇ ಅನೇಕರು ಬಳಸುತ್ತಿದ್ದ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಮುಚ್ಚಿತು.

ಸಣ್ಣ ಭಾಷೆಗಳಿಗೆ ಪೆಟ್ಟು ಇನ್ನೊಂದು ಕಡೆಯಿಂದ ಬಿದ್ದಿದೆ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸದ ಹಾಡಿಗೆ ರಾಯಧನವಿಲ್ಲ. ಆ ಹಣ ಅರ್ಹ ಹಾಡುಗಳ ಪಾಲಾಗುತ್ತದೆ. ನಮ್ಮ ಯಾವುದೋ ಚರ್ಚಿನ ಗಾಯನ ಮಂಡಳಿ ಕ್ರಿಸ್ಮಸ್‌ಗೆ ಹೊರತಂದ ಕೊಂಕಣಿ ಗೀತೆಯನ್ನು 900 ಬಾರಿ ಕೇಳಿದರೂ ಲೆಕ್ಕ ಸೊನ್ನೆಯೇ. ಮೊತ್ತ ಸಣ್ಣದು ನಿಜ, ಆದರೆ ಅದನ್ನು ಹಾಡಿದವರಿಂದ ತೆಗೆದು ಹೆಚ್ಚು ಕೇಳಿಸುವವರಿಗೆ ಹಂಚುವುದನ್ನು ನಾವು ನ್ಯಾಯವೆಂದು ಒಪ್ಪಲಾರೆವು.

ಕರಾವಳಿಯ ತೇವಕ್ಕೆ ಹಳೆಯ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯುತ್ತದೆ. ಹೊಸ ಹಾಡುಗಳ ಸ್ಥಿತಿ ಅದಕ್ಕಿಂತ ಉತ್ತಮವೆಂದು ಹೇಳುವಂತಿಲ್ಲ. ಎಂಪಿ3 ಪ್ರತಿಯನ್ನು ವಾಟ್ಸಾಪಿನಲ್ಲಿ ಹಂಚಿದ ಬಳಿಕ ಸ್ಟುಡಿಯೋದಿಂದ ಮೂಲಪ್ರತಿಯನ್ನು ಕೇಳಿ ಪಡೆಯುವ ಮಂಡಳಿಗಳು ಕಡಿಮೆ. ಸಿಡಿ ಗುಣಮಟ್ಟದಲ್ಲಿ ನಾಲ್ಕು ನಿಮಿಷದ ಹಾಡಿಗೆ ಬೇಕಾಗುವುದು ಸುಮಾರು 40 ಎಂಬಿ ಜಾಗ. ಚರ್ಚಿನ ಎಲ್ಲ ಹಾಡುಗಳೂ ಒಂದೇ ಪೆನ್ ಡ್ರೈವಿನಲ್ಲಿ ಹಿಡಿಯುತ್ತವೆ, ಎರಡು ಮಾಡಿಸಿ ಒಂದನ್ನು ಚರ್ಚ್ ಕಚೇರಿಯ ಕಪಾಟಿನಲ್ಲಿ ಇಡಬಹುದು.