ಹಗಲಿನಲ್ಲಿ ಕೇಳಿಬಂದ ಕನ್ನಡ



ಕಳೆದ ತಿಂಗಳು ಆಳಂದದ ನಮ್ಮ ಹಳೆಯ ಮನೆಯ ಸಾಮಾನು ಇಳಿಸುವಾಗ ಎರಡು ವಸ್ತುಗಳು ದೊರೆತವು. ಒಂದು, ಮರದ ಪೆಟ್ಟಿಗೆಯ ರೇಡಿಯೋ. ಇನ್ನೊಂದು, ನಮ್ಮ ಮುತ್ಯಾರವರ ಲೆಕ್ಕದ ವಹಿ. ಮನೆಯ ಕಿರಿಯರು ಎರಡನ್ನೂ ಗುಜರಿಗೆ ಹಾಕುವವರಿದ್ದರು. ಬೇಡವೆಂದು ತಡೆದೆವು. ಏಕೆ ತಡೆದೆವೆಂಬುದನ್ನು ಅವರಿಗೆ ಅಂದು ಸರಿಯಾಗಿ ಹೇಳಲಾಗಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿ ಮೇಲುಗೈಯೂ ಉರ್ದುವಿನದೇ. ಹೈದರಾಬಾದಿನ ಡೆಕ್ಕನ್ ರೇಡಿಯೋ ಕೂಡ ಪ್ರಧಾನವಾಗಿ ಉರ್ದುವಿನಲ್ಲಿಯೇ ನುಡಿಯುತ್ತಿತ್ತು. ನಮ್ಮ ಮುತ್ಯಾ ಉರ್ದುವನ್ನು ಸರಾಗವಾಗಿ ಓದಿ ಬರೆಯಬಲ್ಲವರಾಗಿದ್ದರು; ಕನ್ನಡದ ಅಕ್ಷರ ಮಾತ್ರ ಬಾರದು. ನಿತ್ಯ ಲಿಂಗಪೂಜೆ ಮಾಡುವ ಮನೆತನದ ಹಿರಿಯರಿಗೆ ಬಸವಣ್ಣನವರ ವಚನದ ಪುಸ್ತಕ ಕೈಗೆ ಕೊಟ್ಟರೆ ಓದಲಾಗುತ್ತಿರಲಿಲ್ಲ! ಆಯಿಗಂತೂ ಯಾವ ಲಿಪಿಯೂ ತಿಳಿಯದು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾಯಿತು. ಅದು ಆಗ ಮುಂಬಯಿ ಪ್ರಾಂತದ ಊರು, ನಾವು ಹೈದರಾಬಾದ್ ರಾಜ್ಯದವರು. ಆದರೆ ಗಾಳಿಗೆ ಗಡಿಯೆಲ್ಲಿಯದು? ಮಾಳಿಗೆಯ ಮೇಲೆ ಎರಡು ಗಳು ನೆಟ್ಟು ತಂತಿ ಬಿಗಿದು, ಇನ್ನೊಂದು ತಂತಿಯನ್ನು ಅಂಗಳದ ಮಣ್ಣಿನಲ್ಲಿ ಹುಗಿದು, ಅದು ಒಣಗದಂತೆ ದಿನವೂ ತಂಬಿಗೆ ನೀರು ಹಾಕಬೇಕಾಗಿತ್ತು. ವಿದ್ಯುತ್ತಿಲ್ಲದ ಕಾಲ, ಇಟ್ಟಿಗೆಗಿಂತ ದೊಡ್ಡದಾದ ಬ್ಯಾಟರಿ ಬಲು ದುಬಾರಿ. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ರೇಡಿಯೋ ಲೈಸೆನ್ಸಿಗೆ ಮುದ್ರೆ ಹಾಕಿಸಿಕೊಳ್ಳುವ ಕಟ್ಟಳೆ ಬೇರೆ.

ಇಷ್ಟಾದರೂ ನಮ್ಮ ಪೆಟ್ಟಿಗೆಯಲ್ಲಿ ಹಗಲಿನ ಧಾರವಾಡ ಬರೀ ಗೊರಗೊರ ಸದ್ದು. ದೀಪ ಹಚ್ಚುವ ಹೊತ್ತಿಗೆ ಸ್ವರ ತಿಳಿಯಾಗುತ್ತಿತ್ತು. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ಆಕಾಶದ ಒಂದು ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರಕ್ಕೆ ತಾಗಿ ಮರಳಿದ ತರಂಗಗಳು ನೂರಾರು ಮೈಲಿ ಸಾಗುತ್ತವೆ ಎಂಬುದನ್ನು ನಾವು ಕಾಲೇಜಿನಲ್ಲಿ ಓದಿದೆವು. ಆಯಿ ಹೇಳುತ್ತಿದ್ದುದು ಬೇರೆ: “ಕನ್ನಡಕ್ಕ ಹಗಲಿ ಬರಾಕ ನಾಚಿಕಿ.” 1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೂ ಆ ನಾಚಿಕೆ ಹತ್ತು ವರ್ಷ ಉಳಿಯಿತು.

1966ರ ನವೆಂಬರ್ 11ರಂದು ಆಗಿನ ಗುಲಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ನಮ್ಮದೇ ನಿಲಯ ಬಂದಿತು. ಆಮೇಲೆ ಮನೆಯ ದಿನಚರಿಯೇ ಬದಲಾಯಿತು. ಮುಂಬಯಿ ನಿಲಯದಲ್ಲಿದ್ದ ಚೆಕ್ ಸಂಗೀತಗಾರ ವಾಲ್ಟರ್ ಕಾಫ್‌ಮನ್ ಹೊಂದಿಸಿದರೆನ್ನುವ ಆ ಸಂಕೇತರಾಗವೇ ನಮ್ಮ ಮನೆಯ ಕೋಳಿಕೂಗು. ವಂದೇ ಮಾತರಂ ಮುಗಿದು ಭಕ್ತಿಗೀತೆ ಬರುವಷ್ಟರಲ್ಲಿ ಆಯಿ ಮಿಂದು, ವಿಭೂತಿ ಧರಿಸಿ, ಜಗಲಿಯ ಮುಂದೆ ಕುಳಿತಿರಬೇಕು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಕಂಠದ ವಚನ ಬಂದ ದಿನ ಪೂಜೆ ತುಸು ದೀರ್ಘವಾಗುತ್ತಿತ್ತು, ರೊಟ್ಟಿ ತುಸು ತಡ.

ಮುತ್ಯಾರವರಿಗೆ ಒಂದು ಅಸಮಾಧಾನವಿತ್ತು. ಮಠದ ಭಜನೆಯಲ್ಲಿ ಪೇಟಿ ಇಲ್ಲದೆ ಹಾಡೇ ಇಲ್ಲ. ರೇಡಿಯೋದಲ್ಲಿ ಪೇಟಿಯೇ ಇಲ್ಲವಲ್ಲ? ಹಾರ್ಮೋನಿಯಮ್ಮಿಗೆ ಆಕಾಶವಾಣಿ 1940ರಲ್ಲಿ ಹಾಕಿದ ಬಹಿಷ್ಕಾರ 1970ರ ದಶಕ ಬರುವವರೆಗೆ ಸಡಿಲಲಿಲ್ಲ. ಅವರ ದೂರು ನ್ಯಾಯವಾದುದೇ ಎಂದು ನಮಗೆ ಈಗಲೂ ಅನ್ನಿಸುತ್ತದೆ.

ಮಧ್ಯಾಹ್ನ ಹೆಂಗಸರದು. ನೆರೆಮನೆಯವರು ತೊಗರಿ ಮೊರ ಹಿಡಿದುಕೊಂಡೇ ಪಡಸಾಲೆಗೆ ಬರುತ್ತಿದ್ದರು. ಸಂಜೆ ರೈತರ ಕಾರ್ಯಕ್ರಮಕ್ಕೆ ಗಂಡಸರ ಸರದಿ. ಜೇವರ್ಗಿ ಕಡೆಯ ನಮ್ಮ ಸೋದರಮಾವನ ಊರಿನಲ್ಲಿ ಪಂಚಾಯತಿಯ ಒಂದೇ ರೇಡಿಯೋ. ಕಟ್ಟೆಯ ಮೇಲೆ ಜಾಗ ಹಿಡಿಯಲು ಜಗಳ. ನಮ್ಮ ಮನೆಯ ಜಗಳ ಬುಧವಾರ ರಾತ್ರಿಯದು. ಚಿಕ್ಕಪ್ಪನವರಿಗೆ ಸಿಲೋನಿನ ಬಿನಾಕಾ ಗೀತಮಾಲಾ ಬೇಕು, ಮುತ್ಯಾರವರಿಗೆ ಬೇಡ. ಬ್ಯಾಟರಿ ಉಳಿಸುವ ನೆಪದಲ್ಲಿ ಮುತ್ಯಾರವರೇ ಗೆಲ್ಲುತ್ತಿದ್ದರು.

ಇನ್ನು ಆ ವಹಿಯ ಮಾತು. ಅದರ ತುಂಬ ಉರ್ದು ಬರಹ. ಹೊಲದ ಲೆಕ್ಕವೆಂದೇ ನಾವೆಲ್ಲ ಭಾವಿಸಿದ್ದೆವು. ಓದಿ ಹೇಳಿರೆಂದು ನೆರೆಯ ನಿವೃತ್ತ ಉರ್ದು ಮಾಸ್ತರರಲ್ಲಿಗೆ ಒಯ್ದೆವು. ಅವರು ಕನ್ನಡಕ ಏರಿಸಿ ಎರಡು ಸಾಲು ಓದಿದವರೇ ನಿಂತು, ನಮ್ಮ ಮುಖ ನೋಡಿದರು. ಬರಹ ಉರ್ದುವಿನದು, ಮಾತು ಕನ್ನಡದ್ದು: ರೇಡಿಯೋದಲ್ಲಿ ಕೇಳಿದ ವಚನಗಳನ್ನು ಮುತ್ಯಾ ತಮಗೆ ಬರುತ್ತಿದ್ದ ಲಿಪಿಯಲ್ಲಿ ಇಳಿಸಿಕೊಂಡಿದ್ದರು. ಅಂಚಿನಲ್ಲಿ ಅಲ್ಲಲ್ಲಿ ತೊಗರಿಯ ಧಾರಣೆ. ಮಾಸ್ತರರು ಒಂದೊಂದೇ ಓದುತ್ತ ಹೋದರು, ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆವು. ಒಂದು ವಚನ ಮಾತ್ರ ಅರ್ಧಕ್ಕೇ ನಿಂತಿತ್ತು. ಕೆಳಗೆ ಏನು ಬರೆದಿದೆ ಎಂದು ಕೇಳಿದೆವು.

“ಬ್ಯಾಟರಿ ತೀರಿತು ಅಂತ ಬರದಾರ್ರಿ” ಎಂದರು.