ಧಾರವಾಡ ಕೇಂದ್ರ ಹಚ್ಚಿದರೆ ಬರುವ ಸದ್ದು ಯಾರದು?



ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಕೇಳುವವರ ತಕರಾರು ಒಂದಿದೆ. ಮಾತು ಬರುತ್ತದೆ, ಆದರೆ ಅದರ ಮಗ್ಗುಲಲ್ಲೇ ದಬದಬೆ ಧುಮುಕಿದಂತೆ ಒಂದೇ ಸಮನೆ ಭೋರ್ ಎಂಬ ಸದ್ದು. ರಿಪೇರಿಗೆ ಒಯ್ದರೆ ಸೆಟ್ಟಿನಲ್ಲಿ ದೋಷವಿಲ್ಲ ಎನ್ನುತ್ತಾರೆ. ಹೆಸರು ಒಣಹಾಕಿದ ದಿನ ಮಳೆಯ ಮುನ್ಸೂಚನೆ ಈ ಸದ್ದಿನಲ್ಲಿ ಮುಚ್ಚಿಹೋದರೆ ನಷ್ಟ ಯಾರಿಗೆಂಬುದನ್ನು ತಮಗೆ ಬೇರೆ ಹೇಳಬೇಕಾಗಿಲ್ಲ.

ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಈಚಿನ ವರ್ಷಗಳಲ್ಲಿ ಆಕಾಶವಾಣಿಯು ದೇಶದ 35 ಮಧ್ಯಮ ತರಂಗ ಪ್ರೇಷಕಗಳಿಗೆ ಡಿ.ಆರ್.ಎಂ. ಎಂಬ ಡಿಜಿಟಲ್ ಪದ್ಧತಿಯನ್ನು ಅಳವಡಿಸಿತು. ಧಾರವಾಡದ 200 ಕಿಲೋವ್ಯಾಟ್ ಪ್ರೇಷಕ ಅವುಗಳಲ್ಲೊಂದು, ಬೆಂಗಳೂರಿನದು ಇನ್ನೊಂದು. ಈ ಪ್ರೇಷಕ ಹಳೆಯ ರೀತಿಯ ಪ್ರಸಾರವನ್ನೂ, ಅದಕ್ಕೆ ಹತ್ತಿಕೊಂಡೇ ಡಿಜಿಟಲ್ ಪ್ರಸಾರವನ್ನೂ ಏಕಕಾಲಕ್ಕೆ ಹೊರಡಿಸಬಲ್ಲದು.

ತೊಡಕು ಇಲ್ಲಿಯೇ. ಮಧ್ಯಮ ತರಂಗದಲ್ಲಿ ನಮ್ಮ ಕಡೆ ಒಂದೊಂದು ಕೇಂದ್ರಕ್ಕೆ 9 ಕಿಲೋಹರ್ಟ್ಸ್ ಅಗಲದ ಪಟ್ಟಿ. ಪಕ್ಕದ ಪಟ್ಟಿಯಲ್ಲಿ ಡಿಜಿಟಲ್ ಬಿತ್ತಿದಾಗ ಬದು ದಾಟಿ ಈಚೆಗೂ ಬರುತ್ತದೆ. ಅಗ್ಗದ ಸೆಟ್ಟಿನ ಜರಡಿಯ ಕಣ್ಣು ದೊಡ್ಡದು; ಕಾಳಿನೊಡನೆ ಹೊಟ್ಟೂ ಇಳಿಯುತ್ತದೆ. ಹಳೆಯ ಸೆಟ್ಟಿಗೆ ಡಿಜಿಟಲ್ ಸಂಕೇತವೆಂದರೆ ಬರೀ ಗದ್ದಲ. ಮೇಲಾಗಿ ಒಂದೇ ಪ್ರೇಷಕದ ಶಕ್ತಿ ಎರಡು ಪಾಲಾಗುವುದರಿಂದ ಹಳೆಯ ಪ್ರಸಾರದ ಬಲವೂ ತಗ್ಗುತ್ತದೆ. ದೂರದ ಹಳ್ಳಿಯವರಿಗೆ ಹೀಗೆ ಎರಡು ಪೆಟ್ಟು. ಬರೀ ಡಿಜಿಟಲ್ ಬಿಟ್ಟ ವೇಳೆಯಲ್ಲಂತೂ ನಮ್ಮ ಸೆಟ್ಟಿಗೆ ಭೋರ್ಗರೆತವೇ ಗತಿ.

ಡಿಜಿಟಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಧ್ವನಿ ಸ್ವಚ್ಛ, ಒಂದೇ ತರಂಗದಲ್ಲಿ ಎರಡು ಕಾರ್ಯಕ್ರಮ, ನೆರೆ-ಬಿರುಗಾಳಿಯ ಎಚ್ಚರಿಕೆ ಅಕ್ಷರದಲ್ಲೂ ಬರುತ್ತದೆ. ಆದರೆ ಅದನ್ನು ಹಿಡಿಯುವ ಸೆಟ್ಟು ಇರುವುದು ಹೆಚ್ಚಾಗಿ ಹೊಸ ಕಾರುಗಳಲ್ಲಿ. ಕೈಯಲ್ಲಿ ಹಿಡಿಯುವ ಸೆಟ್ಟು ನಮ್ಮ ಪೇಟೆಯಲ್ಲಿ ಸಲೀಸಾಗಿ ಸಿಗದು. ಸಿಕ್ಕರೂ ಬೆಲೆ ಎಷ್ಟೋ ಪಟ್ಟು. ಕೂರಿಗೆ ಬಂತು, ಎತ್ತು ಬರಲಿಲ್ಲ! ಮೊಬೈಲಿನಲ್ಲಿ ಕೇಳಿರಿ ಎನ್ನುವವರು ಕಲಘಟಗಿಯ ಕಾಡಂಚಿನ ಹೊಲದಲ್ಲಿ ನಿಂತು ಒಮ್ಮೆ ಸಿಗ್ನಲ್ ಹುಡುಕಿ ನೋಡಲಿ.

ಅಮೆರಿಕದಲ್ಲೂ ಇದೇ ಜಗಳ ನಡೆಯಿತು. ಅಲ್ಲಿ 2002ರಲ್ಲಿ ಬೇರೊಂದು ಡಿಜಿಟಲ್ ಪದ್ಧತಿಗೆ ಒಪ್ಪಿಗೆ ಸಿಕ್ಕು, 2007ರಲ್ಲಿ ಎ.ಎಂ. ಕೇಂದ್ರಗಳು ರಾತ್ರಿಯೂ ಅದನ್ನು ನಡೆಸಲು ಅನುಮತಿ ದೊರೆಯಿತು. ರಾತ್ರಿ ಮಧ್ಯಮ ತರಂಗ ಮೇಲಿನ ವಾಯುಮಂಡಲಕ್ಕೆ ತಾಗಿ ಬಲು ದೂರ ಬೀಳುತ್ತದೆ. ದೂರದೂರಿನ ಕೇಂದ್ರಗಳ ಶ್ರೋತೃಗಳೂ ದೂರಿದರು. ಬಹಳಷ್ಟು ಕೇಂದ್ರಗಳು ಡಿಜಿಟಲನ್ನು ನಿಲ್ಲಿಸಿದವು.

ಆದರೂ ಎಲ್ಲ ಸದ್ದನ್ನೂ ಡಿಜಿಟಲ್ ತಲೆಗೆ ಕಟ್ಟಬೇಡಿ. ಸೆಕೆಂಡಿಗೊಮ್ಮೆ ಟಕ್ ಎನ್ನುವುದು ಹಂದಿ ಕಾಟಕ್ಕೆ ಹಾಕಿದ ಝಟಕಾ ಬೇಲಿಯದು. ಗುಂಯ್ ಎನ್ನುವುದು ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರು ಇಲ್ಲವೆ ಸೋಲಾರ್ ಇನ್ವರ್ಟರಿನದು. ಬ್ಯಾಟರಿ ಸೆಟ್ಟು ಹಚ್ಚಿ ಮನೆಯ ಮೇನ್ ಸ್ವಿಚ್ ಆರಿಸಿರಿ; ಸದ್ದು ನಿಂತರೆ ದೋಷ ಮನೆಯದೇ. ನಿಲ್ಲದೆ, ಮುಳ್ಳಿನ ಒಂದೇ ಬದಿಗೆ ಸಮನಾಗಿ ಭೋರ್ಗರೆದರೆ ಡಿಜಿಟಲ್ ಇರಬಹುದು. ಆಗ ಮುಳ್ಳನ್ನು ಸದ್ದಿಲ್ಲದ ಬದಿಗೆ ಕೂದಲೆಳೆಯಷ್ಟು ಸರಿಸಿರಿ. ಸೆಟ್ಟನ್ನು ಮೆಲ್ಲಗೆ ತಿರುಗಿಸಿಯೂ ನೋಡಿರಿ. ಮಧ್ಯಮ ತರಂಗ ಹಿಡಿಯುವ ಕಡ್ಡಿ ಒಳಗೇ ಮಲಗಿರುತ್ತದೆ, ಮೇಲಕ್ಕೆ ಎಳೆಯುವ ಕೊಳವೆ ಇದಕ್ಕೆ ಉಪಯೋಗವಿಲ್ಲ. ಕೇಂದ್ರ ಒಂದು ದಿಕ್ಕಿಗೂ ಮನೆಯ ಗದ್ದಲ ಇನ್ನೊಂದು ದಿಕ್ಕಿಗೂ ಇದ್ದರೆ ತಿರುಗಿಸಿದಾಗ ಗದ್ದಲ ಎಷ್ಟೋ ಕಡಿಮೆಯಾಗುತ್ತದೆ.

ಇಷ್ಟು ಮಾಡಿದರೂ ನಿಲ್ಲದಿದ್ದರೆ ಧಾರವಾಡ ಆಕಾಶವಾಣಿಗೆ ಬರೆಯಿರಿ. ಊರು, ತಾರೀಖು, ವೇಳೆ, ಸೆಟ್ಟಿನ ಬಗೆ, ಸದ್ದು ಮುಳ್ಳಿನ ಯಾವ ಬದಿಗೆ, ಕರೆಂಟು ಆರಿಸಿದಾಗ ಏನಾಯಿತು, ಇಷ್ಟನ್ನೂ ಕಾಣಿಸಿರಿ. ಬರೀ ‘ರೇಡಿಯೊ ಸರಿಯಿಲ್ಲ’ ಎಂದರೆ ಎಂಜಿನಿಯರರಿಗೆ ಏನೂ ತಿಳಿಯದು. ಕೇಳಬೇಕಾದದ್ದು ಎರಡೇ: ಕೃಷಿ ಕಾರ್ಯಕ್ರಮ ಮತ್ತು ಹವಾಮಾನ ವರದಿಯ ವೇಳೆ ಪೂರ್ತಿ ಶಕ್ತಿಯನ್ನು ಹಳೆಯ ಪ್ರಸಾರಕ್ಕೇ ಕೊಡಬೇಕು, ಡಿಜಿಟಲ್ ನಡೆಸುವ ವೇಳೆಯನ್ನು ಮುಂಚಿತವಾಗಿ ಸಾರಬೇಕು. ವಾಚನಾಲಯದ ಹೆಸರಿನಲ್ಲಿ, ಹತ್ತು ಶ್ರೋತೃಗಳ ಸಹಿಯೊಂದಿಗೆ ಕಳಿಸಿದರೆ ಒಳಿತು.