ಫೋಟೋದವರ ದರವೂ ಬೇಳೆ ಗಿರಣಿಯ ಲೆಕ್ಕವೂ

ಕಲಬುರ್ಗಿಯಿಂದ ಹುಮನಾಬಾದಿನ ರಸ್ತೆಯನ್ನು ಹಿಡಿದು ಹೊರಟವರಿಗೆ ಕಪನೂರಿನ ಕೈಗಾರಿಕಾ ಪ್ರದೇಶವು ಸಿಕ್ಕುವುದು. ಅಲ್ಲಿಯ ಬೇಳೆ ಗಿರಣಿಗಳ ಯಾವ ಗುಮಾಸ್ತನನ್ನು ಕೇಳಿದರೂ, ಒಂದು ಕಿಲೋ ಬೇಳೆಗೆ ಬಿದ್ದ ವೆಚ್ಚವೆಷ್ಟೆಂಬುದನ್ನು ಅವನು ಬೆರಳೆಣಿಸಿ ಹೇಳಬಲ್ಲನು. ಕ್ವಿಂಟಾಲು ತೊಗರಿಗೆ 70 ಕಿಲೋದ ಆಚೆ ಈಚೆ ಬೇಳೆ ಇಳಿಯುವುದು, ಉಳಿದದ್ದು ನುಚ್ಚು ಹೊಟ್ಟುಗಳಾಗಿ ಹೋಗುವುದು, ಹಮಾಲಿ, ವಿದ್ಯುತ್ತು, ಯಂತ್ರದ ಸವಕಳಿ, ಸಾಲದ ಬಡ್ಡಿ ಇವೆಲ್ಲವೂ ಅವನ ಕಿರ್ದಿಯಲ್ಲಿ ಬರೆದಿರುವುವು. ಆದರೆ ಅದೇ ಊರಿನ ಫೋಟೋದವರನ್ನು, ‘ಒಂದು ಮದುವೆಯ ಕೆಲಸಕ್ಕೆ ನಿಮಗೆ ಬೀಳುವ ವೆಚ್ಚವೆಷ್ಟು?’ ಎಂದು ಕೇಳಿದರೆ, ಬಹುಮಂದಿಯ ಉತ್ತರವು ‘ಪಕ್ಕದ ಅಂಗಡಿಯವರು ಇಷ್ಟು ತೆಗೆದುಕೊಳ್ಳುತ್ತಾರೆ’ ಎಂಬುದೇ ಆಗಿರುವುದು. ಇದು ಪಕ್ಕದವನ ದರವೇ ಹೊರತು ತನ್ನ ಲೆಕ್ಕವಲ್ಲ. ಒಂದು ಉದ್ಯೋಗವು ಬಾಳುವುದೂ ಅಳಿಯುವುದೂ ಈ ಭೇದವನ್ನು ಅವಲಂಬಿಸಿರುವುದರಿಂದ, ವಿಷಯವು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಕಲಬುರ್ಗಿಯು ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಚಿತ್ರಗ್ರಾಹಕರಾಗಿದ್ದ ರಾಜಾ ದೀನದಯಾಳರು ಇಂದೋರ, ಸಿಕಂದರಾಬಾದು, ಮುಂಬಯಿಗಳಲ್ಲಿ ಸ್ಟುಡಿಯೋಗಳನ್ನು ನಡೆಯಿಸಿದರು. ಅವರಿಗೆ ಅರಸರ ಆಶ್ರಯವಿತ್ತು. ಇಂದಿನವರಿಗೆ ಗಿರಾಕಿಯೇ ಅರಸನು. ಆ ಅರಸನಾದರೋ ಪ್ರತಿಯೊಂದು ದರ್ಬಾರಿನಲ್ಲಿಯೂ ಚೌಕಾಸಿಗೆ ಕುಳಿತಿರುತ್ತಾನೆ!

ಫಿಲ್ಮಿನ ಕಾಲದಲ್ಲಿ ವೆಚ್ಚವು ಕಣ್ಣಿಗೆ ಕಾಣುತ್ತಿತ್ತು. ಒಂದು ಸುರುಳಿಗೆ 36 ಚಿತ್ರಗಳು. ಗುಂಡಿಯನ್ನು ಒತ್ತಿದಷ್ಟು ಸಲವೂ ಕಾಸು ಕರಗುತ್ತಿದ್ದುದು ಗಿರಾಕಿಗೂ ತಿಳಿದಿತ್ತು. ಡಿಜಿಟಲ್ ಕ್ಯಾಮರಾ ಬಂದ ತರುವಾಯ ಚಿತ್ರವು ಪುಕ್ಕಟೆಯಾಗಿ ಹುಟ್ಟುತ್ತದೆಂಬ ಭ್ರಮೆಯು ಹರಡಿತು. ಕೈಯಲ್ಲಿ ಮೊಬೈಲ್ ಫೋನುಳ್ಳ ಪ್ರತಿಯೊಬ್ಬ ನೆಂಟನೂ ಆ ಭ್ರಮೆಗೆ ಸಾಕ್ಷಿಯಾದನು. ವಸ್ತುತಃ ವೆಚ್ಚವು ಇಲ್ಲವಾಗಿಲ್ಲ, ಮರೆಯಾಗಿದೆ ಅಷ್ಟೆ. ಅದು ಕ್ಯಾಮರಾದ ಸವಕಳಿಯಲ್ಲಿ ಅಡಗಿದೆ. ಚಿತ್ರಗಳನ್ನು ಆರಿಸಿ, ತಿದ್ದಿ, ಆಲ್ಬಮ್ ಜೋಡಿಸುವ ರಾತ್ರಿಗಳಲ್ಲಿ ಅಡಗಿದೆ. ಮುಹೂರ್ತಗಳಿಲ್ಲದ ತಿಂಗಳುಗಳಲ್ಲಿ ಅಡಗಿದೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಹಿಂದುಗಳ ಮದುವೆಗಳಿಲ್ಲ. ಮೊಹರಮಿನಲ್ಲಿ ಬಹುಮಂದಿ ಮುಸಲ್ಮಾನರು ನಿಕಾಹನ್ನು ಇಟ್ಟುಕೊಳ್ಳುವುದಿಲ್ಲ. ತೊಗರಿ ಕೆಟ್ಟ ವರ್ಷದಲ್ಲಿ ರೈತನ ಮನೆಯ ಲಗ್ನವೇ ಮುಂದೆ ಹೋಗುವುದು.

ಉದಾಹರಣಾರ್ಥವಾಗಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಕ್ಯಾಮರಾ, ಲೆನ್ಸು, ದೀಪ, ಕಂಪ್ಯೂಟರುಗಳಿಗೆ 4,00,000 ರೂಪಾಯಿ ಹೂಡಿದ್ದಾನೆಂದೂ ಅವು 5 ವರ್ಷ ಬಾಳುವುವೆಂದೂ ಇಟ್ಟುಕೊಂಡರೆ, ವರ್ಷಕ್ಕೆ ಸವಕಳಿಯು 80,000. ಅಂಗಡಿಯ ಬಾಡಿಗೆ, ವಿದ್ಯುತ್ತು, ರಿಪೇರಿಗಳಿಗೆ ತಿಂಗಳಿಗೆ 10,000ದಂತೆ 1,20,000. ಮನೆಯ ಸಂಸಾರಕ್ಕೆ ತಿಂಗಳಿಗೆ 25,000ದಂತೆ 3,00,000. ಒಟ್ಟು 5,00,000 ರೂಪಾಯಿ. ವರ್ಷಕ್ಕೆ 50 ಮದುವೆಗಳು ದೊರೆತರೆ ಪ್ರತಿಯೊಂದರ ಮೇಲೆ 10,000 ಬೀಳುವುದು. ಆಲ್ಬಮಿಗೆ 5,000, ಸಹಾಯಕನಿಗೂ ಪ್ರಯಾಣಕ್ಕೂ 3,000 ಸೇರಿಸಿದರೆ 18,000 ಆಯಿತು. ಇದರಲ್ಲಿ ಲಾಭವೆಂಬುದು ಇನ್ನೂ ಒಂದು ಕಾಸೂ ಇಲ್ಲ.

ಈಗ ಇನ್ನೊಬ್ಬನು ಇದೇ ಕೆಲಸವನ್ನು 12,000ಕ್ಕೆ ಒಪ್ಪಿಕೊಂಡನೆನ್ನೋಣ. ಮದುವೆಯೊಂದಕ್ಕೆ 6,000 ಕಡಮೆ; 50 ಮದುವೆಗಳಿಗೆ 3,00,000 ಕಡಮೆ. ವಾಚಕರು ಗಮನಿಸಬೇಕು: ಇದು ಅವನ ಸಂಸಾರದ ಇಡೀ ವರ್ಷದ ಖರ್ಚೇ ಆಗಿದೆ! ಕ್ಯಾಮರಾದ ಅಂಗಡಿಗೂ ಆಲ್ಬಮಿನ ಮುದ್ರಣಕ್ಕೂ ಮನೆಯೊಡೆಯನಿಗೂ ಪೂರ್ಣ ಹಣವನ್ನು ಸಲ್ಲಿಸಿ, ತಾನೊಬ್ಬನೇ ವರ್ಷವಿಡೀ ಬಿಟ್ಟಿ ದುಡಿದಂತಾಯಿತು. ಪೇಟೆಯಲ್ಲಿ ಹೆಚ್ಚಾಗಿ ನಡೆಯುವ ಕ್ಯಾಮರಾಗಳು ಜಪಾನೀ ಕಂಪೆನಿಗಳವು. ಪರದೇಶದ ಯಂತ್ರಕ್ಕೆ ಪೂರ್ಣ ಬೆಲೆ, ಸ್ವದೇಶದ ಕೈಗೆ ಸೊನ್ನೆ; ಇದನ್ನು ಅಗ್ಗವೆಂದು ಕರೆಯುವುದು ಹೇಗೆ?

ಹಾಗಾದರೆ ಸಂಘ ಕಟ್ಟಿ, ಎಲ್ಲರಿಗೂ ಒಂದೇ ದರವೆಂದು ಹಲಗೆ ಬರೆದು ತೂಗುಹಾಕಬಾರದೇಕೆ ಎಂದು ಕೆಲವರು ಕೇಳುವರು. ಸಂಕಟವು ನಿಜ; ಆದರೆ ಆ ದಾರಿಯು ಸರಿಯಾದುದಲ್ಲ. ಪ್ರತಿಸ್ಪರ್ಧಿಗಳು ಕೂಡಿ ದರವನ್ನು ಗೊತ್ತುಮಾಡುವುದನ್ನು 2002ರ ಸ್ಪರ್ಧಾ ಕಾಯದೆಯ 3ನೆಯ ಕಲಮು ತಡೆಯುತ್ತದೆ; ಸಂಘಗಳಿಗೂ ಅದು ಅನ್ವಯಿಸುತ್ತದೆ. ಕಾಯದೆಯ ಮಾತು ಹಾಗಿರಲಿ, 30 ವರ್ಷದ ಅನುಭವಿಗೂ ನಿನ್ನೆ ಬಂದ ಹುಡುಗನಿಗೂ ಒಂದೇ ದರವೆಂಬುದು ನ್ಯಾಯವೂ ಅಲ್ಲ. ಸಂಘಗಳು ದರವನ್ನು ವಿಧಿಸದೆ ಲೆಕ್ಕವನ್ನು ಕಲಿಸಲಿ. ಸಂಚಕಾರ, ಕೆಲಸದ ದಿನಗಳು, ಚಿತ್ರಗಳ ಸಂಖ್ಯೆ, ಒಪ್ಪಿಸುವ ಗಡುವು ಇವನ್ನೊಳಗೊಂಡ ಕರಾರುಪತ್ರದ ಮಾದರಿಯನ್ನು ಹಂಚಲಿ.

ಕರಾರಿನ ಅಗತ್ಯವು ಇನ್ನೊಂದು ಕಾರಣದಿಂದಲೂ ಇದೆ. ಹಣ ಕೊಟ್ಟು ತೆಗೆಯಿಸಿದ ಛಾಯಾಚಿತ್ರದ ಸ್ವಾಮ್ಯವು, ಬೇರೆ ಕರಾರಿಲ್ಲದ ಪಕ್ಷದಲ್ಲಿ, ತೆಗೆಯಿಸಿದವರಿಗೇ ಸಲ್ಲುವುದೆಂದು 1957ರ ಕೃತಿಸ್ವಾಮ್ಯ ಕಾಯದೆಯ 17ನೆಯ ಕಲಮು ಹೇಳುತ್ತದೆ. ಮದುವೆಯ ಚಿತ್ರಗಳಲ್ಲಿ ಇದು ಉಚಿತವೇ. ಆದರೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ತೊಗರಿ ಬೇಳೆಯ ಚೀಲದ ಮೇಲೆ ವರ್ಷಗಟ್ಟಲೆ ಅಚ್ಚಾಗತಕ್ಕ ಚಿತ್ರವನ್ನು ಒಂದು ದಿನದ ಕೂಲಿಗೆ ಬಿಟ್ಟುಕೊಡುವವನು, ತಾನು ಮಾರಿದ್ದು ಏನೆಂಬುದನ್ನೇ ಅರಿಯನು. ಉಪಯೋಗವು ಎಷ್ಟು ಕಾಲ, ಎಲ್ಲೆಲ್ಲಿ ಎಂಬುದರ ಮೇಲೆ ಬೆಲೆಯು ನಿಲ್ಲಬೇಕು.

ಅಧಿಕಾರಿಗಳಿಗೂ ಒಂದು ಮಾತು. ಸಭೆ ಸಮಾರಂಭಗಳ ಚಿತ್ರಗಳನ್ನು ಆ ಸಂಜೆಯೇ ಕೇಳಿ, ಬಿಲ್ಲನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಮಲಗಿಸುವುದು ಎಲ್ಲಿಯೇ ನಡೆದರೂ ಸಲ್ಲದು. ನೋಂದಾಯಿಸಿದ ಕಿರು ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳನ್ನು ಮೀರದಂತೆ ಹಣ ಸಲ್ಲಬೇಕೆಂದೂ, ತಪ್ಪಿದರೆ ಚಕ್ರಬಡ್ಡಿ ತೆರಬೇಕೆಂದೂ 2006ರ ಕಾಯದೆಯು ವಿಧಿಸಿದೆ. ಫೋಟೋದವರು ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಲಿ; ಕಚೇರಿಗಳು ಕಾಯದೆಯನ್ನು ನೆನಪಿನಲ್ಲಿಡಲಿ.

ತೊಗರಿಗೆ 2025-26ರ ಹಂಗಾಮಿನಲ್ಲಿ ಕ್ವಿಂಟಾಲಿಗೆ 8,000 ರೂಪಾಯಿಗಳ ಬೆಂಬಲ ಬೆಲೆಯನ್ನು ಸರಕಾರವು ಸಾರಿತು. ಫೋಟೋದವನಿಗೆ ಅಂಥ ಬೆಂಬಲವಿಲ್ಲ, ಬರುವ ಸಂಭವವೂ ಇಲ್ಲ. ಅವನ ಬೆಂಬಲ ಬೆಲೆಯು ಅವನ ಕಿರ್ದಿಯಲ್ಲಿಯೇ ಇದೆ. ಅದಕ್ಕಿಂತ ಕೆಳಗೆ ಬಂದ ಕೆಲಸವನ್ನು ವಿನಯದಿಂದ ಬೇಡವೆನ್ನುವ ಧೈರ್ಯವೊಂದು ಬೇಕು. ಗಿರಾಕಿಗಳಾದ ಮಹಾಜನರೂ, ಮಗಳ ಲಗ್ನದ ಒಂದೇ ನೆನಪಾಗಿ ಮನೆಯಲ್ಲಿ ಉಳಿಯತಕ್ಕ ವಸ್ತುವಿನ ಮೇಲೆ ಚೌಕಾಸಿ ಮಾಡುವಾಗ, ಯಾರ ಅನ್ನದಲ್ಲಿ ಕೈಯಿಡುತ್ತಿರುವೆವೆಂಬುದನ್ನು ಆಲೋಚಿಸುವುದು ಒಳ್ಳೆಯದು.